ಅಪ್ಪ ಹಾಸಿದ ನಡೆಮಡಿ

ಹೋದ ಬೇಸಿಗೆಯಲ್ಲಿ ಭಾಲ್ಕಿಗೆ ಒಂದು ಮದುವೆಗೆ ಹೋಗಿದ್ದೆ. ಈಗಿನ ಮದುವೆಗಳಂತೆಯೇ ಅದೂ ಒಂದು. ಫಂಕ್ಷನ್ ಹಾಲು, ಕಿವಿ ಹರಿಯುವ ಬ್ಯಾಂಡು, ಕ್ಯಾಮೆರಾದವನು ಹೇಳಿದಾಗ ನಗುವ ಮದುಮಕ್ಕಳು. ಮದುಮಗ ಒಳಗೆ ಬರುವ ಹೊತ್ತಿಗೆ ಟೈ ಕಟ್ಟಿದ ಇಬ್ಬರು ಹುಡುಗರು ಕೆಂಪು ಕಾರ್ಪೆಟ್ಟಿನ ಸುರುಳಿಯನ್ನು ಬಾಗಿಲಿನಿಂದ ವೇದಿಕೆಯ ತನಕ ಕಾಲಿನಿಂದಲೇ ನೂಕುತ್ತ ಬಿಚ್ಚಿದರು. ಮೊದಲ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದ ಮದುಮಗನ ಅಜ್ಜಿ ಆ ಕಡೆ ನೋಡಲಿಲ್ಲ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದಳು. ಅಷ್ಟು ಜನರಲ್ಲಿ ಅದನ್ನು ಗಮನಿಸಿದವಳು ನಾನೊಬ್ಬಳೇ ಇರಬೇಕು.

ಊಟದ ಹೊತ್ತಿಗೆ ಆಕೆಯ ಸೊಸೆ ನನ್ನನ್ನು ಪಕ್ಕದವರಿಗೆ ಪರಿಚಯ ಮಾಡಿಕೊಟ್ಟಳು. "ಇವರು ಬೀದರದ ಟೀಚರ್ ಬಾಯಿ ನೋಡ್ರಿ. ನಮ್ಮತ್ತಿಯವರ ದೊಡ್ಡಪ್ಪನ ಮನ್ಯಾಗ ಬಾಡಿಗಿ ಇದ್ದರಂತ. ಭಾಳ ಹಳೀ ಪರಿಚಯ." ನಾನು ಕೈ ಮುಗಿದು ಹೌದು ಹೌದು ಎಂದೆ. ಇಷ್ಟು ವರ್ಷದಲ್ಲಿ ಹೌದೆನ್ನುವುದು ನನಗೆ ರೂಢಿಯಾಗಿದೆ. ಆದರೆ ಎಲೆಯ ಮೇಲಿನ ಹೋಳಿಗೆಯನ್ನು ಮಾತ್ರ ಬದಿಗೆ ಸರಿಸಿದೆ. ಏಕೆಂದರೆ ಮದುಮಗನ ಅಜ್ಜಿ ನನ್ನ ಒಡಹುಟ್ಟಿದ ಅಕ್ಕ. ಒಂದೇ ಕೌದಿಯಲ್ಲಿ ಮಲಗಿ, ಒಬ್ಬರ ತಲೆಯ ಹೇನು ಒಬ್ಬರು ಹೆಕ್ಕಿ ದೊಡ್ಡವರಾದವರು ನಾವು.

ಅಕ್ಕ ನನಗೆ ಪರಿಚಯದವಳಾದದ್ದು ಎಪ್ಪತ್ತೆರಡರ ಬರದ ವರ್ಷದಲ್ಲಿ. ಜಾತಿ ಎಂದರೆ ಕಲ್ಲು, ಅದು ಅಲುಗಾಡುವುದಿಲ್ಲ ಎಂದು ಯಾರಾದರೂ ಭಾಷಣ ಮಾಡಿದರೆ ನನಗೆ ಒಳಗೊಳಗೇ ನಗು ಬರುತ್ತದೆ. ಅಲುಗಾಡುತ್ತದೆ. ನಾನೇ ಕಂಡಿದ್ದೇನೆ. ಅಲುಗಾಡಿ ಜಾಗ ಕೊಡುತ್ತದೆ, ಕೊಟ್ಟ ಜಾಗಕ್ಕೆ ಏನನ್ನು ಕಸಿದುಕೊಳ್ಳುತ್ತದೆ ಎನ್ನುವುದೇ ಬೇರೆ ಮಾತು.

ನಮ್ಮದು ಔರಾದ ತಾಲೂಕಿನ ಒಂದು ಹಳ್ಳಿ. ನಾವು ಅಗಸರು. ಹಳ್ಳದ ದಂಡೆಯಲ್ಲಿ ನಮ್ಮ ಒಗೆಯುವ ಕಲ್ಲು, ಅದರ ಪಕ್ಕದಲ್ಲೇ ಬಟ್ಟೆ ಬೇಯಿಸುವ ಉಬ್ಬೆಯ ಒಲೆ. ಚೌಳು ಮಣ್ಣು ತಂದು ನೀರಿಗೆ ಹಾಕಿ, ಅದರಲ್ಲಿ ಬಟ್ಟೆ ನೆನೆಸಿ, ಹಬೆಯಲ್ಲಿ ಬೇಯಿಸಿ ಒಗೆದರೆ ಊರ ಗೌಡರ ಧೋತರ ಬೆಳ್ಳಗೆ ಹೊಳೆಯುತ್ತಿತ್ತು. ವರ್ಷವಿಡೀ ಒಗೆದದ್ದಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳ ಬೇಡಿ ತರಬೇಕು. ಅದಕ್ಕೆ ಆಯ ಎನ್ನುತ್ತಿದ್ದರು. ಹಕ್ಕಿನ ಆಯವೇ, ಆದರೂ ಕೈ ಒಡ್ಡಿ ನಿಂತೇ ತರಬೇಕು.

ಇನ್ನೊಂದು ಕೆಲಸ ಮದುವೆಗಳದ್ದು. ಮದುಮಕ್ಕಳೂ ಮದುವೆ ಮಾಡಿಸುವ ಜಂಗಮ ಅಯ್ಯನವರೂ ಹಂದರಕ್ಕೆ ನಡೆದು ಬರುವಾಗ ಅವರ ಪಾದ ನೆಲಕ್ಕೆ ತಾಗಬಾರದು. ಒಗೆದ ಧೋತರಗಳನ್ನು ಅವರ ಮುಂದೆ ಹಾಸುತ್ತ ಹೋಗಬೇಕು. ಇದಕ್ಕೆ ನಡೆಮಡಿ ಎಂದು ಹೆಸರು, ಹಾಸುವವನು ಅಗಸ. ಅಪ್ಪನಿಗೆ ಎರಡೇ ಧೋತರ ಸಾಕಾಗುತ್ತಿದ್ದವು. ದೊಡ್ಡವರಿಗೆ ಬೆನ್ನು ತೋರಿಸಬಾರದಲ್ಲ, ಹಾಗಾಗಿ ಬಗ್ಗಿ ಹಿಂದೆ ಹಿಂದೆ ಸರಿಯುತ್ತ, ಅವರು ದಾಟಿದ್ದನ್ನು ಬದಿಯಿಂದ ಎಳೆದುಕೊಂಡು ಮುಂದಕ್ಕೆ ಬೀಸುತ್ತಿದ್ದ. ಒಂದು ನಿರಿಗೆ ಬೀಳುತ್ತಿರಲಿಲ್ಲ, ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಹೊಸ್ತಿಲ ತನಕ ಹೀಗೆ ಬಂದು, ಅವರೆಲ್ಲ ಒಳಗೆ ಹೋದ ಮೇಲೆ ತಲೆಯ ರುಮಾಲನ್ನು ತೆಗೆದು ಹಿಡಿದು ಹೊರಗೇ ನಿಲ್ಲುತ್ತಿದ್ದ. ಊರಿನಲ್ಲಿ ಅವನ ಹೆಸರು ಮಾಣಿಕ್ಯಾ. ನನ್ನ ವಯಸ್ಸಿನ ಹುಡುಗರೂ ಹಾಗೆಯೇ ಕೂಗುತ್ತಿದ್ದರು. ಮಾಣಿಕಪ್ಪ ಎಂದು ಯಾರೂ ಕರೆದದ್ದನ್ನು ನಾನು ಕೇಳಿರಲಿಲ್ಲ.

ಬರ ರೈತನಿಗೆ ಬರುವ ಮೊದಲು ಅಗಸನಿಗೆ ಬರುತ್ತದೆ. ಹಳ್ಳ ಬತ್ತಿತು. ಕುಡಿಯಲು ನೀರಿಲ್ಲದವರು ಬಟ್ಟೆ ಯಾಕೆ ಒಗೆಸುತ್ತಾರೆ? ಗೌಡರ ಮನೆಯವರೇ ಬೆವರಿನ ಅಂಗಿ ಝಾಡಿಸಿ ಮತ್ತೆ ತೊಡುತ್ತಿದ್ದರು. ಕಣವೇ ಇಲ್ಲವೆಂದ ಮೇಲೆ ಆಯವೆಲ್ಲಿ? ರೇಷನ್ನಿನ ಕೆಂಪು ಜೋಳವೂ ಸಿಗದಂತಾದಾಗ ಅಪ್ಪ ಒಂದು ದಿನ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂತು ಬಂದು, "ನಡೀರಿ, ಬೀದರಕ್ಕ ಹೋಗೋಣ" ಎಂದ. ಅಪ್ಪ, ಅವ್ವ, ಅಕ್ಕ, ನಾನು. ಕತ್ತೆಯನ್ನು ಯಾರೂ ಕೊಳ್ಳಲಿಲ್ಲ, ಬಿಟ್ಟು ಬಂದೆವು.

ಬೀದರದಲ್ಲಿ ಅಪ್ಪನಿಗೆ ಒಂದು ದಾಲ್ ಮಿಲ್ಲಿನಲ್ಲಿ ಚೀಲ ಹೊರುವ ಕೆಲಸ ಸಿಕ್ಕಿತು. ಅವ್ವ, ಅಕ್ಕ ಇಬ್ಬರೂ ಕಮಠಾಣದ ದಾರಿಯಲ್ಲಿ ಸರಕಾರದ ಬರಗಾಲದ ಕೆಲಸಕ್ಕೆ ಖಡಿ ಒಡೆಯಲು ಹೋಗುತ್ತಿದ್ದರು. ಅಕ್ಕನಿಗೆ ಆಗ ಮದುವೆಯ ವಯಸ್ಸು. ಮುಖ ಹೇಗೋ ಹಾಗೆಯೇ ಉಳಿದಿತ್ತು, ಅಂಗೈ ಮಾತ್ರ ಗಂಡಸಿನದಾಗಿತ್ತು. ಅಲ್ಲಿ ಅವ್ವನ ಎದುರು ಕೂತು ಕಲ್ಲು ಒಡೆಯುತ್ತಿದ್ದವಳು ಕಮಲಾಬಾಯಿ. ಊರಾಚೆಯ ಕೇರಿಯ ಅವರ ಮನೆಯವರೆಲ್ಲ ಬೌದ್ಧರಾಗಿ ಬಹಳ ವರ್ಷಗಳಾಗಿದ್ದವು. ಇಬ್ಬರೂ ಒಂದೇ ಬಿಸಿಲಿನಲ್ಲಿ ಕೂತು ಗಂಡಂದಿರನ್ನು ಬೈಯುತ್ತ ನಗುತ್ತಿದ್ದರು. ಆದರೆ ಬಾಯಾರಿದಾಗ ಅವ್ವ ದೂರದ ಟ್ಯಾಂಕರಿನ ತನಕ ನಡೆದು ಹೋಗುತ್ತಿದ್ದಳೇ ಹೊರತು ಕಮಲಾಬಾಯಿಯ ಕೊಡಕ್ಕೆ ಕೈ ಹಾಕುತ್ತಿರಲಿಲ್ಲ. ಕಮಲಾಬಾಯಿ ನೋಡಿಯೂ ನೋಡದಂತಿರುತ್ತಿದ್ದಳು. ನಮ್ಮನ್ನು ಹೊಸ್ತಿಲ ಹೊರಗೆ ನಿಲ್ಲಿಸಿದವರ ಮೇಲೆ ನನಗಿರುವ ಸಿಟ್ಟಿನಲ್ಲಿ ಒಂದು ಪಾಲು ಅವ್ವನಿಗೂ ಸಲ್ಲಬೇಕು.

ನಮಗೆ ಇರಲು ಕೋಣೆ ಕೊಟ್ಟವರು ಶರಣಪ್ಪನವರು. ಹಳೇ ಊರಿನ ಗಲ್ಲಿಯಲ್ಲಿ ದೊಡ್ಡ ಮನೆ, ಮುಂದೆ ಕಾಳಿನ ಅಂಗಡಿ. ಲಿಂಗಾಯತರು, ಮಕ್ಕಳಿಲ್ಲದವರು, ಶರಣರ ಮಾತೆಂದರೆ ಪ್ರಾಣ. ಮಿಲ್ಲಿಗೆ ಬಂದಾಗ ಅಪ್ಪನ ಕೆಲಸ ನೋಡಿ ಮೆಚ್ಚಿ, ಯಾರು ಎತ್ತ ಎಂದು ಕೇಳಿದ್ದಾರೆ. ಅಪ್ಪ ಮುಚ್ಚಿಡಲಿಲ್ಲ.

"ಅಗಸರು ರಿ ಧಣಿ."

"ಧಣಿ ಅನಬ್ಯಾಡ್ರಿ. ಕಲ್ಯಾಣದಾಗ ಶರಣರ ನಡುವ ಅಗಸ ಯಾರು, ಅರಸ ಯಾರು? ನಿಮ್ಮ ಕುಲದಾಗೂ ದೊಡ್ಡ ಶರಣರು ಆಗಿ ಹೋಗ್ಯಾರ. ಲಿಂಗ ಕಟ್ಕೋರಿ ಮಾಣಿಕಪ್ಪ, ಕುಲ ಅಲ್ಲಿಗಿ ಮುಗೀತು."

ಅಪ್ಪ ಆ ಸಂಜೆ ಮನೆಗೆ ಬಂದು ಮೊದಲು ಹೇಳಿದ್ದು ಲಿಂಗದ ಸುದ್ದಿಯನ್ನಲ್ಲ. "ನನಗ ಮಾಣಿಕಪ್ಪ ಅಂದ್ರು" ಎಂದ. ಅವ್ವ ನಂಬಲಿಲ್ಲ.

ಒಂದು ಸೋಮವಾರ ಬೆಳಗ್ಗೆ ಶರಣಪ್ಪನವರೇ ನಮ್ಮನ್ನು ಅಯ್ಯನವರ ಹತ್ತಿರ ಕರೆದೊಯ್ದರು. ಸ್ನಾನ, ವಿಭೂತಿ, ಮಂತ್ರ, ಎಲ್ಲ ಆಯಿತು. ನಾಲ್ವರ ಕೊರಳಿಗೂ ಲಿಂಗ ಬಂತು. ಯಾವ ಕಾರಣಕ್ಕೂ ಇದನ್ನು ಮೈಯಿಂದ ಅಗಲಿಸಬಾರದು, ಸತ್ತಾಗಲೂ ಇದು ಜೊತೆಗೇ ಮಣ್ಣಿಗೆ ಹೋಗಬೇಕು ಎಂದು ಅಯ್ಯನವರು ಹೇಳಿದಾಗ ಅಪ್ಪನ ಕಣ್ಣು ತುಂಬಿ ಬಂದವು. ದಾರಿಯಲ್ಲಿ ಶರಣಪ್ಪನವರು, "ಇನ್ನ ಮ್ಯಾಲ ಯಾರರ ಕೇಳಿದ್ರ ಲಿಂಗವಂತರು ಅನ್ರಿ. ಸುಳ್ಳಲ್ಲ, ಖರೇ ಮಾತೇ ಅದ" ಎಂದರು. ಅವರು ಅದನ್ನು ಪೂರಾ ನಂಬಿದ್ದರು. ಒಳ್ಳೆಯವರಿಂದ ಆದ ಕೇಡಿಗೆ ಮನಸ್ಸು ಬಿಚ್ಚಿ ಬೈಯಲಿಕ್ಕೂ ಬರುವುದಿಲ್ಲ, ಅದೇ ಕಷ್ಟ.

ಆ ಮೇಲಿನ ಕೆಲವು ತಿಂಗಳು ನಮ್ಮ ಬಾಳಿನ ಒಳ್ಳೆಯ ಕಾಲ. ಊರಿಗೆಲ್ಲ ಬರ ಬಿದ್ದಿತ್ತು, ನಮಗೆ ಮರ್ಯಾದೆಯ ಸುಗ್ಗಿ ಬಂದಿತ್ತು. ಶರಣಪ್ಪನವರ ಹೆಂಡತಿ ಅವ್ವನನ್ನು ಅಡುಗೆಮನೆಯ ಒಳಗೆ ಕರೆದು ಕೂಡಿಸಿಕೊಂಡರು. ಅವ್ವ ಮೊದಲ ದಿನ ಒಲೆಯ ಕಡೆ ನೋಡಲೂ ಹೆದರಿದಳು. ಊರಿನಲ್ಲಿ ಗಂಗಿ ಆಗಿದ್ದ ಅಕ್ಕ ಗಲ್ಲಿಯಲ್ಲಿ ಗಂಗಾ ಆದಳು. ಖಡಿ ಒಡೆಯುವುದನ್ನು ಬಿಡಿಸಿ ಅವಳನ್ನು ಅಂಗಡಿಯ ಕಾಳು ಹಸನು ಮಾಡಲು ಇಟ್ಟುಕೊಂಡರು. ನನ್ನನ್ನು ಓದಲು ಸಾಲಿಗೆ ಹಾಕಿದರು. ಅಪ್ಪ ಬೆಳಗ್ಗೆ ಎದ್ದು ಹಣೆಗೆ ಮೂರು ಬೆರಳಿನ ವಿಭೂತಿ ಬಳಿದುಕೊಂಡು ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ನಮಗೇ ಗುರುತು ಸಿಗುತ್ತಿರಲಿಲ್ಲ. ನಿಂತಲ್ಲಿ ಬೆನ್ನು ಬಗ್ಗಿಸುವುದೂ ಕಡಿಮೆಯಾಗಿತ್ತು.

ಆಗ ಬಂತು ಭಾಲ್ಕಿಯ ಸಂಬಂಧ. ತೊಗರಿ, ಉದ್ದಿನ ವ್ಯಾಪಾರದ ಮನೆ. ಶರಣಪ್ಪನವರಿಗೆ ಬಹಳ ದಿನಗಳ ಒಡನಾಟ. ಹುಡುಗ ಓದಿದವನು, ಅಪ್ಪನ ಜೊತೆ ಅಂಗಡಿ ನೋಡಿಕೊಳ್ಳುತ್ತಿದ್ದ. ನಮ್ಮ ಮನೆಯಲ್ಲಿ ಒಂದು ಚಲೋ ಹುಡುಗಿ ಇದೆ, ನಮ್ಮವರೇ ಎಂದು ಶರಣಪ್ಪನವರು ಹೇಳಿ ಕಳಿಸಿದರು. ಅವರು ಏನೂ ಕೇಳಲಿಲ್ಲ, ಇವರು ಏನೂ ಹೇಳಲಿಲ್ಲ. ಹೆಣ್ಣು ನೋಡಲು ಇಬ್ಬರೇ ಹೆಂಗಸರು ಬಂದರು: ಹುಡುಗನ ತಾಯಿ ಮತ್ತು ಹುಡುಗನ ಅಜ್ಜಿ. ಅಜ್ಜಿಯನ್ನು ಭಾಲ್ಕಿಯಲ್ಲಿ ಎಲ್ಲರೂ ದೊಡ್ಡಾಯಿ ಎನ್ನುತ್ತಿದ್ದರು. ಆ ಮನೆಯಲ್ಲಿ ಅವಳು ಕೂಡು ಎಂದರೆ ಕೂಡಬೇಕು, ಏಳು ಎಂದರೆ ಏಳಬೇಕು. ಶುಭ ಕಾರ್ಯವೆಂದು ಶರಣಪ್ಪನವರು ನಮಗೆ ಲಿಂಗ ಕಟ್ಟಿದ ಅಯ್ಯನವರನ್ನೂ ಕರೆಸಿದ್ದರು. ಅವ್ವ ಒಂದು ವಾರದಿಂದ ನಿದ್ದೆ ಮಾಡಿರಲಿಲ್ಲ. ಈ ಮದುವೆಯೊಂದು ಆದರೆ ಗಂಗಾ ಮತ್ತೆ ಕಲ್ಲಿನ ಮುಂದೆ ಕೂಡುವುದು ತಪ್ಪುತ್ತದೆ, ಅವಳ ಹೊಟ್ಟೆಯಲ್ಲಿ ಹುಟ್ಟಿದವರನ್ನು ಯಾರೂ ಏ ಅಗಸಾ ಎಂದು ಕೂಗುವುದಿಲ್ಲ. ಅಷ್ಟೇ ಅವಳಿಗೆ ಬೇಕಾದದ್ದು.

ಮಧ್ಯಾಹ್ನದ ರಣಬಿಸಿಲು. ಟಾಂಗಾ ಗಲ್ಲಿಯ ಮುಖದಲ್ಲಿ ನಿಂತಿತು. ದೊಡ್ಡಾಯಿ, ಅವಳ ಸೊಸೆ ಇಳಿದರು. ಆ ಹೊತ್ತಿಗೆ ಸರಿಯಾಗಿ ಅಯ್ಯನವರೂ ಬಂದರು, ಬರಿಗಾಲಲ್ಲಿ. ಬೀದರದ ಕೆಂಪು ನೆಲ ಬಿಸಿಲಿಗೆ ಕೆಂಡವಾಗಿತ್ತು. ಅಪ್ಪ ಬಂದವರು ಕೂಡಲೆಂದು ತಾನೇ ಒಗೆದ ಧೋತರಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಅಯ್ಯನವರು ಒಂದು ಕಾಲು ಎತ್ತಿ ಇನ್ನೊಂದನ್ನು ಊರಲು ಒದ್ದಾಡುವುದನ್ನು ಕಂಡ. ಮುಂದಿನದೆಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗಿಹೋಯಿತು. ಒಂದು ಧೋತರ ಗಾಳಿಯಲ್ಲಿ ಬಿಚ್ಚಿಕೊಂಡು ಅಯ್ಯನವರ ಕಾಲ ಮುಂದೆ ಬಿತ್ತು. ಅಪ್ಪ ಬಗ್ಗಿದ್ದ. ಹಿಂದೆ ಹಿಂದೆ ಸರಿಯುತ್ತಿದ್ದ. ಒಂದನ್ನು ಎಳೆದು ಇನ್ನೊಂದನ್ನು ಬೀಸುತ್ತ, ತಿರುಗಿ ನೋಡದೆ, ನಿರಿಗೆ ಬೀಳದಂತೆ, ಗಲ್ಲಿಯ ಮುಖದಿಂದ ಹೊಸ್ತಿಲ ತನಕ ಹಾಸಿಕೊಂಡು ಬಂದ. ಅವನ ಮುಖದಲ್ಲಿ ಎಂಥದೋ ಸುಖವಿತ್ತು. ಬಹಳ ದಿನಗಳ ಮೇಲೆ ಕೈಗೆ ಗೊತ್ತಿದ್ದ ಕೆಲಸ ಸಿಕ್ಕಿತ್ತು. ಎಲ್ಲರೂ ಒಳಗೆ ಹೋದರು. ಅಪ್ಪ ರುಮಾಲು ತೆಗೆದು ಹಿಡಿದು ಹೊರಗೇ ನಿಂತ.

ಶರಣಪ್ಪನವರಿಗೆ ಆನಂದವೋ ಆನಂದ. "ಏನ್ ಭಕ್ತಿ! ನಮಗಿಂತ ಹೆಚ್ಚಿನ ಭಕ್ತಿ ಅದ ನೋಡ್ರಿ" ಎಂದು ಬಾಯಿ ತುಂಬ ಹೇಳಿ, ಅಪ್ಪನನ್ನು ತಾವೇ ಕೈಹಿಡಿದು ಒಳಗೆ ಕರೆತಂದರು. ಅಯ್ಯನವರೂ ತಲೆಯಾಡಿಸಿದರು. ದೊಡ್ಡಾಯಿ ಒಮ್ಮೆ ಅಪ್ಪನ ಕೈ ನೋಡಿದಳು. ಅಕ್ಕನ ಕೈಯಿಂದ ನೀರು ತೆಗೆದುಕೊಂಡು ಕುಡಿದಳು. ಊಟವೂ ಆಯಿತು. ಆ ಮೇಲೆ, "ಹುಡುಗಿ ತಾಯಿ ಜೋಡಿ ನಾಕು ಮಾತು ಆಡಬೇಕು" ಎಂದು ಎದ್ದು ಅಡುಗೆಮನೆಗೆ ಬಂದಳು. ನಾನು ಮೂಲೆಯಲ್ಲಿ ತಾಟು ತೊಳೆಯುತ್ತಿದ್ದೆ. ನನ್ನನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

"ನಿನ್ನ ಗಂಡಗ ಮಡಿ ಹಾಸೋದು ಚಂದ ಬರ್ತದ" ಎಂದಳು ದೊಡ್ಡಾಯಿ.

"ಅಯ್ಯನವರ ಕಾಲು ಸುಡ್ತಾವಂತ ಹಾಸಿದ್ರು ರಿ" ಎಂದಳು ಅವ್ವ.

"ಭಕ್ತಿಗಿ ಹಾಸವ ಹಂಗ ಹಾಸಂಗಿಲ್ಲ ತಂಗಿ. ಹಾಸಿ ಬಾಜೂಕ ನಿಂತು ಕೈ ಮುಗೀತಾನ. ಬಗ್ಗಿ ಹಿಂದಹಿಂದ ಸರದು, ಒಂದು ಎಳದು ಒಂದು ಒಗಿಯೋದು ಹೊಟ್ಟಿಗಿ ಕಲ್ತ ಕೆಲಸ. ನಮ್ಮ ಮಾವ ಹಿಂಗೇ ಹಾಸ್ತಿದ್ದ."

ಅವ್ವ ಹೋಗಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಂದಳು.

"ಉದಗೀರ ಕಡೀದು ನಮ್ಮ ಊರು. ನಿಜಾಮನ ಕಾಲದಾಗ ಹಿಂಗೇ ಒಂದು ಬರ ಬಿದ್ದಾಗ ಬಿಟ್ಟು ಬಂದೇವಿ. ಲಿಂಗ ಕಟ್ಟಿಕೊಂಡೇವಿ. ನನ್ನ ಗಂಡ ಅಂಗಡಿ ಇಟ್ಟ. ನನ್ನ ಮಗಗ ಇದು ಗೊತ್ತಿಲ್ಲ. ಮೊಮ್ಮಗ ಅಂತೂ ಸಾಹುಕಾರ ಆಗೇ ಹುಟ್ಟಿದ. ನಮಗ ಮೂರು ತಲಿ ಹಿಡೀತು. ನೀವು ಒಂದ್ ಬರಗಾಲದಾಗ ಮುಗಸ್ಲಾಕ ಹೊಂಟೀರಿ."

ಅವ್ವನ ಮುಖದಲ್ಲಿ ಒಂದು ಚಣ ಆಸೆ ಮೂಡಿದ್ದನ್ನು ನಾನು ನೋಡಿದೆ. ಪಾಪ, ಅವಳಿಗೆ ಹಾಗೆ ಅನಿಸಿದ್ದರಲ್ಲಿ ತಪ್ಪೇನಿದೆ. "ಹಂಗಾದ್ರ ನೀವು ನಾವು ಒಂದೇ ಆದ್ವಲ್ರಿ ಆಯಿ" ಎಂದಳು.

"ಅದಕ್ಕೇ ಬ್ಯಾಡ ಅಂತೇನಿ."

ದೊಡ್ಡಾಯಿ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಕಾಳಿನ ದರ ಹೇಳುವವರಂತೆ ಹೇಳಿದಳು. ಬೇರೆ ಯಾರ ಮನೆಯ ಹುಡುಗಿಯಾಗಿದ್ದರೂ ಆಗುತ್ತಿತ್ತು, ಅಗಸರ ಮನೆಯದೇ ಆದರೆ ನಾಳೆ ಯಾರಾದರೂ ಕೆದಕುತ್ತ ಕೂತಾಗ ಎರಡು ಕಡೆಯ ಎಳೆಯೂ ಒಂದೇ ಹಳ್ಳಕ್ಕೆ ಹೋಗಿ ಮುಟ್ಟುತ್ತದೆ. ಆದರೆ ಮುರಿಯುವುದೂ ಸುಲಭವಿರಲಿಲ್ಲ. ಶರಣಪ್ಪನವರ ಮನೆಯ ಹುಡುಗಿ ಎಂದು ಅವಳ ಮಗ ಆಗಲೇ ಭಾಲ್ಕಿಯ ಬಾಜಾರಿನಲ್ಲೆಲ್ಲ ಸಕ್ಕರೆ ಹಂಚಿದ್ದ.

"ಈಗ ಮುರದ್ರ ಮಂದಿ ಯಾಕ ಅಂತ ಕೇಳ್ತಾರ. ಕೇಳಿಕೋತ ಹೋದ್ರ ನಮ್ಮ ಮನಿ ಬಾಗಿಲಿಗೂ ಬರ್ತದ. ಹುಡುಗಿ ಚಂದ ಇದ್ದಾಳ, ಕೈಲೆ ಕೆಲಸ ಅದ. ಒಯ್ತೇನಿ. ಆದ್ರ ಆಕಿ ಶರಣಪ್ಪನವರ ತೀರಿಕೊಂಡ ತಮ್ಮನ ಮಗಳಾಗಿ ಬರಬೇಕು. ತಂದಿ ತಾಯಿ ಇಲ್ಲದಾಕಿ. ನನ್ನ ಸೊಸಿಗಿ ನಾ ಹೇಳಿಕೋತೇನಿ. ನೀವು ಮದುವಿಗಿ ಬರಂಗಿಲ್ಲ, ಮುಂದೂ ನಮ್ಮ ಹೊಸ್ತಿಲ ತುಳಿಯಂಗಿಲ್ಲ. ಆಕಿನೂ ನಿಮ್ಮನ್ನ ಅಪ್ಪ ಅವ್ವ ಅನ್ನಂಗಿಲ್ಲ. ಒಪ್ಪಿದ್ರ ಹ್ಞೂಂ ಅನ್ರಿ."

ಅವಳು ಹೋದ ಮೇಲೆ ಅವ್ವ ಒಲೆಯ ಬೆಂಕಿ ಆರಿಸಿ ಹೊರಗೆ ಬಂದಳು. ಶರಣಪ್ಪನವರಿಗೆ ಹೇಳಿದಾಗ ಅವರು ಮೊದಲು ಕೆಂಡಾಮಂಡಲವಾದರು. ಲಿಂಗದ ಮುಂದೆ ಸುಳ್ಳೇ ಎಂದರು, ಶರಣರ ಹೆಸರು ಹೇಳಿ ಕೂಗಾಡಿದರು. ಆ ಮೇಲೆ ಕೂತು ಯೋಚಿಸಿದರು. ಆ ಮೇಲೆ, ಒಂದು ಹೆಣ್ಣಿನ ಬಾಳಿಗಾಗಿ ಒಂದು ಮಾತು ಆಚೆ ಈಚೆ ಆದರೆ ದೇವರು ಕ್ಷಮಿಸುತ್ತಾನೆ ಎಂದರು. ಕುಲ ಮುಗಿಯಿತು ಎಂದವರಿಗೆ ಕುಲ ಎಲ್ಲಿಗೂ ಹೋಗಿಲ್ಲ ಎಂದು ಗೊತ್ತಾಗಲು ಒಂದು ಮಧ್ಯಾಹ್ನ ಸಾಕಾಯಿತು. ಅಪ್ಪ ಮಾತ್ರ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಳ್ಳುತ್ತ ಕೂತಿದ್ದ. "ಕಾಲು ಸುಡ್ಲಿಕತ್ತಿದ್ವು, ಅದಕ್ಕ..." ಎಂದು ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದ.

ಅವ್ವ ಅಕ್ಕನನ್ನು ಕೇಳಿದಳು. ಬೇಡ ಎನ್ನುತ್ತಾಳೆ ಎಂದೇ ನಾನು ತಿಳಿದಿದ್ದೆ. ಅಕ್ಕ ಕಾಳು ಕೇರುವುದನ್ನು ನಿಲ್ಲಿಸಲಿಲ್ಲ.

"ಹ್ಞೂಂ ಅಂತ ಹೇಳ್ರಿ" ಎಂದಳು.

"ನಾವು ಸತ್ತೇವಿ ಅಂತ ಹೇಳಿಕೋತ ಬಾಳ್ವಿ ಮಾಡ್ತಿ ಏನ?"

"ಊರಿಗಿ ಹೋದ್ರ ನನ್ನ ಯಾರಿಗಿ ಕೊಡ್ತಿ ಅವ್ವಾ? ಕತ್ತಿ ಮೇಸವಗ. ಇಲ್ಲೇ ಇದ್ರ ಮತ್ತ ಖಡಿ ಒಡಿಲಾಕ ಹೋಗ್ಬೇಕು. ನೀವು ಲಿಂಗ ಕಟ್ಟಿಕೊಂಡಿದ್ದು ಯಾತಕ್ಕ ಮತ್ತ?"

ಅವ್ವ ಎದ್ದು ಒಲೆಗೆ ಸೌದೆ ನೂಕಿದಳು. ಇವತ್ತಿಗೂ ಅಕ್ಕನ ಮೇಲೆ ನನ್ನ ಸಿಟ್ಟು ಇಳಿದಿಲ್ಲ, ಆದರೆ ಆ ಪ್ರಶ್ನೆಯೂ ನನ್ನನ್ನು ಬಿಟ್ಟಿಲ್ಲ.

ಅಪ್ಪ ಒಂದನ್ನೇ ಬೇಡಿದ. ಮಗಳ ತಲೆಯ ಮೇಲೆ ಅಕ್ಕಿಕಾಳು ಬೀಳುವುದನ್ನು ದೂರದಿಂದಾದರೂ ನೋಡಬೇಕು. ಶರಣಪ್ಪನವರು ಭಾಲ್ಕಿಗೆ ಹೋಗಿ ದೊಡ್ಡಾಯಿಯ ಮುಂದೆ ಈ ಮಾತು ಇಟ್ಟರು. ಅವಳು, ಬರದಲ್ಲಿ ಭಾಲ್ಕಿಯ ಅಗಸರೆಲ್ಲ ಹೈದರಾಬಾದಿಗೆ ಹೋಗಿದ್ದಾರೆ, ಮದುವೆಯಲ್ಲಿ ನಡೆಮಡಿ ಹಾಸುವವನು ಯಾರೂ ಇಲ್ಲ ಎಂದಳಂತೆ. "ಬರಲಿ. ಆದ್ರ ಆ ಕೆಲಸಕ್ಕೇ ಬರಲಿ."

ಶರಣಪ್ಪನವರು ತಲೆ ತಗ್ಗಿಸಿಕೊಂಡು ಬಂದು ಹೇಳಿದರು. ಅವ್ವ ಹೊರಗೆ ಹೋಗಿ ಉಗಿದು ಬಂದಳು. ಅಪ್ಪ, "ಆಗ್ಲಿ ರಿ" ಎಂದ.

ಮದುವೆ ಮಳೆಗಾಲದ ಮುಂಚಿನ ಕೊನೆಯ ಮುಹೂರ್ತಕ್ಕೆ. ಲಗ್ನಪತ್ರಿಕೆಯಲ್ಲಿ ಅಕ್ಕ ಗಂಗಾಂಬಿಕಾ ಆಗಿದ್ದಳು. ಅವ್ವ ಬರಲಿಲ್ಲ; ಮಗಳ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಬಾಗಿಲು ಹಾಕಿಕೊಂಡಳು. ನಾನು ಬಾಡಿಗೆಯವರ ಹುಡುಗಿಯಾಗಿ ಶರಣಪ್ಪನವರ ಮನೆಯವರ ಜೊತೆ ರೈಲು ಹತ್ತಿದೆ. ಅಪ್ಪ ಅದೇ ರೈಲಿನ ಬೇರೆ ಡಬ್ಬಿಯಲ್ಲಿ ಒಗೆದ ಧೋತರಗಳ ಗಂಟು ಇಟ್ಟುಕೊಂಡು ಕೂತಿದ್ದ. ಹಣೆಯ ಮೇಲೆ ವಿಭೂತಿ ಇರಲಿಲ್ಲ. ಕೊರಳಲ್ಲಿ ಲಿಂಗ ಕಾಣಬಾರದು, ಮೈಯಿಂದ ಅಗಲಿಸಲೂ ಬಾರದು. ಅಪ್ಪ ಅದನ್ನು ವಸ್ತ್ರದಲ್ಲಿ ಸುತ್ತಿ ರುಮಾಲಿನ ಮಡಿಕೆಯಲ್ಲಿಟ್ಟು ತಲೆಗೆ ಕಟ್ಟಿಕೊಂಡಿದ್ದ. ಭಾಲ್ಕಿ ಸ್ಟೇಷನ್ನಿನಲ್ಲಿ ಇಳಿದಾಗ ನನ್ನನ್ನು ನೋಡಿ ರುಮಾಲು ಮುಟ್ಟಿ ತೋರಿಸಿ ಸಣ್ಣಗೆ ನಕ್ಕ.

ಹಂದರದ ಬಾಗಿಲಲ್ಲಿ ಮದುಮಕ್ಕಳು ಬಂದು ನಿಂತರು. ಬಾಜಾ ಶುರುವಾಯಿತು. ಗಂಡಿನ ಕಡೆಯವನೊಬ್ಬ, "ಏ ಅಗಸಾ, ತಲಿ ಮ್ಯಾಲಿನ ರುಮಾಲು ತಗಿ, ಯಾರ ಮುಂದ ನಿಂತಿ" ಎಂದು ಗದರಿದ. ಅಪ್ಪನ ಕೈ ತಲೆಗೆ ಹೋಗಿ ಅಲ್ಲೇ ನಿಂತಿತು. ಆ ಮೇಲೆ ಎರಡೂ ಕೈಯಲ್ಲಿ ರುಮಾಲನ್ನು ನೆಟ್ಟಗೆ ಇಳಿಸಿ ಎದೆಗೆ ಒತ್ತಿ ಹಿಡಿದು, ಅಂಗಿಯೊಳಗೆ ತುರುಕಿಕೊಂಡ. ಒಂದು ಕೈ ಎದೆಯ ಮೇಲೆ ಇಟ್ಟುಕೊಂಡೇ, ಒಂದೇ ಕೈಯಲ್ಲಿ ಮೊದಲ ಧೋತರ ಬೀಸಿದ. ಒಂದೇ ಕೈಯಲ್ಲಿ ಬೀಸಿದರೂ ಅದು ಹೂವಿನಂತೆ ನೆಲಕ್ಕೆ ಬಿತ್ತು.

ಮದುಮಗ ಕಾಲಿಟ್ಟ. ಅಕ್ಕ ಇಡಲಿಲ್ಲ. ಬಗ್ಗಿದ ಅಪ್ಪನ ಬೋಳು ತಲೆ ಅವಳ ಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ಬಾಸಿಂಗದ ಹಿಂದಿನಿಂದ ಅವಳ ಮುಖ ನನಗೆ ಕಾಣಲಿಲ್ಲ. ಮುತ್ತೈದೆಯರು ಹಿಂದಿನಿಂದ ನೂಕುತ್ತಿದ್ದರು. ದೊಡ್ಡಾಯಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ನನಗೆ ಒಳಗಿನಿಂದ ಅಕ್ಕಾ ಎಂದು ಕೂಗಿಬಿಡಬೇಕು ಅನಿಸಿತು. ಆಗ ಅಪ್ಪ ತಲೆ ಎತ್ತದೆ, ಊರ ಗೌಡರ ಸೊಸೆಯಂದಿರಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದ:

"ಕಾಲಿಡ್ರಿ ಅಕ್ಕಾರ. ಮಡಿ ಅದ, ಇಡ್ರಿ."

ಅಕ್ಕ ಕಾಲಿಟ್ಟಳು. ಆ ಮೇಲೆ ಎಲ್ಲಿಯೂ ನಿಲ್ಲಲಿಲ್ಲ.

ನಡೆಮಡಿ ಹಾಸಿದವನಿಗೆ ಒಂದು ಹೊಸ ಸೀರೆ, ಒಂದು ಮೊರ ಜೋಳ ಕೊಡುವುದು ರೂಢಿ. ಅವನ್ನು ಅಪ್ಪನಿಗೂ ಕೊಟ್ಟರು. ಮನೆಗೆ ತಂದಾಗ ಅವ್ವ ಮುಟ್ಟಲಿಲ್ಲ. ಮರುದಿನ ಆ ಸೀರೆಯನ್ನು ಒಯ್ದು ಕಮಲಾಬಾಯಿಗೆ ಕೊಟ್ಟು, ನಡೆದದ್ದೆಲ್ಲ ಹೇಳಿ ಅತ್ತಳು. ಕಮಲಾಬಾಯಿ ಸುತ್ತಿಗೆ ಕೆಳಗಿಟ್ಟು, "ಹತ್ತಿಕೋತ ಹೋದ್ರ ಮ್ಯಾಲಿನವ ಕೈ ತುಳಿತಾನ ಅಕ್ಕಾ. ಅದಕ್ಕೇ ನಾವು ಹತ್ತೋದೇ ಬಿಟ್ಟೇವಿ" ಎಂದು ತನ್ನ ಕೊಡದ ನೀರು ಬಗ್ಗಿಸಿದಳು. ಅವ್ವ ಬೊಗಸೆ ಒಡ್ಡಿ ಕುಡಿದಳು. ಅಷ್ಟಾಗಲು ಅವಳು ಮಗಳನ್ನು ಕಳೆದುಕೊಳ್ಳಬೇಕಾಯಿತು.

ಆ ವರ್ಷ ಮಳೆ ಬಂತು. ಊರಿನಿಂದ ಹೇಳಿಕಳಿಸಿದರು, ಬಟ್ಟೆ ಒಗೆಯಲು ಬಾ ಎಂದು. ಲಿಂಗ ಕಟ್ಟಿಕೊಂಡ ಸುದ್ದಿ ಹೇಗೋ ಮುಟ್ಟಿ, ಆ ಮೇಲೆ ಕರೆಯುವುದನ್ನು ಬಿಟ್ಟರು. ಅಪ್ಪ ಮಿಲ್ಲಿನಲ್ಲೇ ಮುದುಕನಾದ. ನಾನು ಓದಿ ಮಾಸ್ತರಿಕೆ ಹಿಡಿದೆ. ಸರಕಾರದ ಲೆಕ್ಕದಲ್ಲಿ ನಾವು ಮೇಲೆ ಬಂದವರು. ಅಕ್ಕ ವರ್ಷಕ್ಕೊಮ್ಮೆ ಶರಣಪ್ಪನವರ ಮನೆಗೆ ತವರೆಂದು ಬರುತ್ತಿದ್ದಳು. ನಮ್ಮ ಕೋಣೆಯ ಮುಂದೆ ಹಾಯುವಾಗ ಹೆಜ್ಜೆ ನಿಧಾನವಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಶರಣಪ್ಪನವರು ತೀರಿಕೊಂಡ ಮೇಲೆ ಅದೂ ನಿಂತಿತು.

ಅಪ್ಪ ಹಾಸಿಗೆ ಹಿಡಿದಾಗ ನಾನೇ ಭಾಲ್ಕಿಗೆ ಹೋಗಿ ಅಕ್ಕನಿಗೆ ಹೇಳಿ ಬಂದೆ. ಎರಡು ದಿನ ಬಿಟ್ಟು ಬಂದಳು, ಜೀಪಿನಲ್ಲಿ, ಕಾಲೇಜು ಓದುತ್ತಿದ್ದ ಮಗನ ಜೊತೆ. ಹುಡುಗ ಬಾಗಿಲಲ್ಲೇ ನಿಂತು ವಾಚು ನೋಡಿಕೊಳ್ಳುತ್ತಿದ್ದ. ಅಪ್ಪ ಅವಳನ್ನು ಕಂಡವನೇ ಹಾಸಿಗೆಯಿಂದ ಏಳಲು ಒದ್ದಾಡಿದ.

"ಬರ್ರಿ ಅಕ್ಕಾರ. ಯಾವಾಗ ಬಂದ್ರಿ? ಕುಂಡ್ರಿ ರಿ."

ಅಕ್ಕ ಕೂಡಲಿಲ್ಲ. ಮಗನ ಕಡೆ ಒಮ್ಮೆ ನೋಡಿ, ಸೆರಗು ಹೊದ್ದುಕೊಂಡು, ಮನೆಯ ಹಳೆಯ ಆಳನ್ನು ಮಾತಾಡಿಸುವ ಹದದಲ್ಲಿ ಕೇಳಿದಳು:

"ಹ್ಯಾಂಗ ಇದ್ದೀ ಮಾಣಿಕಪ್ಪಾ? ಔಷಧ ತಗೋತಿ ಇಲ್ಲ?"

"ತಗೋತೇನಿ ರಿ. ನಿಮ್ಮ ದಯಾ ರಿ."

ಇನ್ನೆರಡು ಮಾತು ಆಡಿ, ಹಣ್ಣಿನ ಚೀಲ ಇಟ್ಟು ಹೋದಳು. ಜೀಪಿನ ಸದ್ದು ಗಲ್ಲಿ ದಾಟುವ ತನಕ ನಾನು ಹಲ್ಲು ಕಚ್ಚಿಕೊಂಡಿದ್ದೆ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕು ಎಂದು ತಿರುಗಿದರೆ ಅಪ್ಪನ ಮುಖ ಅರಳಿತ್ತು. ಅಷ್ಟು ಸಂತೋಷವನ್ನು ಆ ಮುಖದಲ್ಲಿ ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಅವ್ವನ ಕೈ ಹಿಡಿದು ಎಳೆದು, ಗುಟ್ಟು ಹೇಳುವಂತೆ ಹೇಳಿದ:

"ನೋಡಿದೇನ ನಮ್ಮ ಗಂಗೀನ? ಒಂದು ಮಾತಿನಾಗೂ ತಪ್ಪಲಿಲ್ಲ. ನನ್ನಂಗ ಅಲ್ಲ ಆಕಿ."